ತ್ಯಾಗವೋ, ದುಡಿಮೆಯೋ? ನಮ್ಮ ಕಾವ್ಯದ ಅಡುಗೆಮನೆಯಲ್ಲಿ ಒಂದು ಸುತ್ತು



ಅಮೆರಿಕದ ಯಾವ ಊರಿನ ಕನ್ನಡ ಕೂಟಕ್ಕೇ ಹೋಗಿ, ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ಮೇ ತಿಂಗಳ ತಾಯಂದಿರ ದಿನವಿರಲಿ, ವೇದಿಕೆಯ ಮೇಲೆ ಜಿ.ಎಸ್. ಶಿವರುದ್ರಪ್ಪನವರ ‘ಸ್ತ್ರೀ’ ಬರುವ ಸಂಭವವೇ ಹೆಚ್ಚು. ಹಾರ್ಮೋನಿಯಂ ಶ್ರುತಿ ಹಿಡಿಯುವಷ್ಟರಲ್ಲೇ ಸಭೆಯಲ್ಲಿ ಅರ್ಧ ಜನ ಗುನುಗಲು ಶುರು ಮಾಡಿರುತ್ತಾರೆ. ಭಾವಗೀತೆಯ ಕ್ಯಾಸೆಟ್ಟುಗಳ ಕಾಲದಿಂದ ನಮ್ಮೆಲ್ಲರ ಕಿವಿಗೆ ಅಂಟಿಕೊಂಡು ಬಂದ ಹಾಡು ಅದು. ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಸಣ್ಣ ಪ್ರಯೋಗ ಮಾಡಿ ನೋಡೋಣ. ಅದನ್ನು ರಾಗದಿಂದ ಬಿಡಿಸಿ, ಕಾಗದದ ಮೇಲಿಟ್ಟು, ಬರೀ ಕವಿತೆಯಾಗಿ ಓದೋಣ. ಕವಿತೆ ಆಕಾಶದಲ್ಲಿ ಶುರುವಾಗುತ್ತದೆ. ಅಲ್ಲಿಂದ ಬೆಟ್ಟ, ಹೊಳೆ, ಬಯಲಿಗೆ ಇಳಿಯುತ್ತದೆ. ಆಮೇಲೆ ಮರಗಿಡ, ಗಾಳಿ, ಹಕ್ಕಿ. ಕಟ್ಟಕಡೆಗೆ ಮನೆಗೆ ಬರುತ್ತದೆ. ಅಲ್ಲಿ ದೀಪ ಹಚ್ಚುವವಳು, ವೇಳೆಗೆ ಸರಿಯಾಗಿ ಊಟಕ್ಕಿಡುವವಳು, ಗಂಡನನ್ನೂ ಮಗುವನ್ನೂ ತೆಕ್ಕೆಗೆ ತೆಗೆದುಕೊಳ್ಳುವವಳು ಕಾಣಿಸುತ್ತಾಳೆ. ಕವಿ ಬೇಕೆಂದೇ ಮಾಡಿದ ಇಳಿಜಾರು ಇದು. ಅಷ್ಟು ದೊಡ್ಡ ವಿಶ್ವವನ್ನು ತೂಗುವ ಶಕ್ತಿಯೇ ನಮ್ಮ ಮನೆಯಲ್ಲಿ ಅನ್ನ ಬಡಿಸುತ್ತಿದೆ ಎನ್ನುವುದು ಅವರ ಮಾತು. ಕವಿತೆಯ ತೂಕವೆಲ್ಲ ಆ ಕೊನೆಯ ಭಾಗದ ಮೇಲಿದೆ.

ನಮಗೆ ನೆನಪಿರುವುದು ಯಾವ ಭಾಗ? ಹೊರಗೆ ಬಂದವರನ್ನು ಕೇಳಿ ನೋಡಿ, ಹತ್ತಕ್ಕೆ ಎಂಟು ಮಂದಿ ಆಕಾಶ, ನಕ್ಷತ್ರ ಎನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಬಂದ ಊಟದ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಕವಿ ಇಳಿದು ಬಂದ ಮೆಟ್ಟಿಲನ್ನು ನಾವು ಹತ್ತಿಕೊಂಡು ಮತ್ತೆ ಮೇಲೆ ಹೋಗಿಬಿಟ್ಟಿದ್ದೇವೆ.

ಈ ಸಂಚಿಕೆಯಲ್ಲಿ ನಾವು ಮಾತಾಡಬೇಕೆಂದಿರುವುದು ಇದನ್ನೇ. ಹೆಣ್ಣಿನ ಕಣ್ಣಿಗೆ ಕಾಣದ ದುಡಿಮೆಯನ್ನು ನಮ್ಮ ಕಾವ್ಯ ಹೇಗೆ ಕಂಡಿದೆ, ಮತ್ತು ಆ ಕಾವ್ಯವನ್ನು ನಾವು ಹೇಗೆ ಓದುತ್ತೇವೆ ಎನ್ನುವುದು.

ಮೊದಲು ‘ಕಾಣದ’ ಎಂಬ ಮಾತು. ನಮ್ಮ ಬಳಗದಲ್ಲಿ ಬಹಳಷ್ಟು ಮಂದಿ ಕಂಪ್ಯೂಟರ್ ಕೆಲಸದವರು, ಆದ್ದರಿಂದ ನಮ್ಮ ಕಸುಬಿನಿಂದಲೇ ಒಂದು ಉದಾಹರಣೆ ಕೊಡಬಹುದು. ರಾತ್ರಿ ಎರಡು ಗಂಟೆಗೆ ಸರ್ವರ್ ಕುಸಿದು ಬಿದ್ದಾಗ ಎದ್ದು ಕೂತು ಸರಿಪಡಿಸಿದವರ ಹೆಸರು ಮರುದಿನ ಎಲ್ಲರ ಇಮೇಲಿನಲ್ಲಿ ಬರುತ್ತದೆ, ಶಹಬ್ಬಾಸ್‌ಗಿರಿಯೂ ಸಿಗುತ್ತದೆ. ಅದು ಬೀಳದ ಹಾಗೆ ವರ್ಷವಿಡೀ ನೋಡಿಕೊಂಡವರ ಹೆಸರು ಎಲ್ಲೂ ಬರುವುದಿಲ್ಲ. ಕೆಲಸ ಚೆನ್ನಾಗಿ ನಡೆದಷ್ಟೂ ಅದು ನಡೆದದ್ದೇ ಗೊತ್ತಾಗುವುದಿಲ್ಲ. ಮನೆಗೆಲಸದ ಸ್ವಭಾವವೂ ಇದೇ. ತೊಳೆದ ಪಾತ್ರೆ ಸಂಜೆಗೆ ಮತ್ತೆ ಮುಸುರೆ, ಮಡಿಚಿಟ್ಟ ಬಟ್ಟೆ ನಾಳೆಗೆ ಮತ್ತೆ ಮೈಲಿಗೆ. ಉಳಿಯುವುದು ಏನೂ ಇಲ್ಲ, ಆದ್ದರಿಂದ ತೋರಿಸುವುದಕ್ಕೂ ಏನೂ ಇಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಅಂದರೆ ಐದು ವರ್ಷದಲ್ಲಿ ಇಬ್ಬರ ಕೆಲಸವೂ ಒಂಬತ್ತು ಹತ್ತು ನಿಮಿಷ ಕಡಿಮೆಯಾಗಿದೆ, ನಡುವಿನ ಅಂತರ ಮಾತ್ರ ಕೂತಲ್ಲೇ ಕೂತಿದೆ! ಗಂಡಸರ ಲೆಕ್ಕದಲ್ಲಿ ಇನ್ನೂ ಒಂದು ಮಾತು ಗಮನಿಸಬೇಕು. ಆ 97 ನಿಮಿಷ ಎನ್ನುವುದು ಮನೆಗೆಲಸಕ್ಕೆ ಕೈಹಾಕಿದ ಗಂಡಸರದ್ದು ಮಾತ್ರ. 2019ರಲ್ಲಿ ಹಾಗೆ ಕೈಹಾಕುತ್ತಿದ್ದವರು ನೂರಕ್ಕೆ ಸುಮಾರು 26 ಮಂದಿ. ಉಳಿದವರು ಲೆಕ್ಕದಲ್ಲೇ ಇಲ್ಲ.

ಇಷ್ಟು ದೊಡ್ಡ ದುಡಿಮೆಯ ಮುಂದೆ ನಿಂತ ಕವಿಗೆ ಎರಡು ದಾರಿಗಳಿವೆ ಎಂದು ನಮಗನಿಸುತ್ತದೆ. ಒಂದು, ಅದನ್ನು ತ್ಯಾಗ ಎಂದು ಕರೆಯುವುದು. ಇನ್ನೊಂದು, ಅದನ್ನು ದುಡಿಮೆ ಎಂದೇ ಇರಗೊಡುವುದು. ಮೇಲ್ನೋಟಕ್ಕೆ ಮೊದಲನೆಯದೇ ದೊಡ್ಡ ಗೌರವದಂತೆ ಕಾಣುತ್ತದೆ. ಆದರೆ ತ್ಯಾಗ ಎಂದರೆ ಕೊಡುವವರು ತಾವಾಗಿ ಕೊಟ್ಟದ್ದು, ಅದಕ್ಕೆ ಕೈಮುಗಿದರೆ ಸಾಕು. ದುಡಿಮೆ ಎಂದರೆ ಹಾಗಲ್ಲ, ಅದಕ್ಕೆ ಪಾಲು ಕೊಡಬೇಕು, ಬಿಡುವು ಕೊಡಬೇಕು, ಕೊಡದಿದ್ದರೆ ಅದು ಸಾಲವಾಗಿ ಉಳಿಯುತ್ತದೆ. ಹೆಸರು ಬದಲಾಯಿಸಿದ ಕೂಡಲೇ ಸಾಲ ತೀರಿಬಿಡುತ್ತದೆ! ನಮ್ಮ ಕಾವ್ಯದ ಕೆಲವು ಉದಾಹರಣೆಗಳನ್ನು ಈ ಒಂದು ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡು ನೋಡೋಣ.

ಶುರು ಮಾಡಬೇಕಾದದ್ದು ಬೀಸುವ ಕಲ್ಲಿನಿಂದ. ಕೋಳಿ ಕೂಗುವ ಮುಂಚೆ ಎದ್ದು, ಅಂದಿನ ರೊಟ್ಟಿಗೆ ಬೇಕಾದ ಹಿಟ್ಟನ್ನು ಬೀಸುತ್ತ ಹೆಣ್ಣುಮಕ್ಕಳು ಕಟ್ಟಿ ಹಾಡಿದ ತ್ರಿಪದಿಗಳು ನಮ್ಮ ಭಾಷೆಯ ಆಸ್ತಿ. ತ್ರಿಪದಿಯ ಲೆಕ್ಕ ಕಂಪ್ಯೂಟರಿನವರಿಗೂ ಖುಷಿ ಕೊಡುವಂಥದ್ದು: ಮೂರು ಸಾಲು, ಒಟ್ಟು ಹನ್ನೊಂದು ಗಣ, ಅದರಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ನಡುವಿನ ಸಾಲಿನ ಮಾತು ಮರುಕಳಿಸುತ್ತದೆ. ಕಲ್ಲು ಒಂದು ಸುತ್ತು ಬಂದು ಮತ್ತೆ ಅದೇ ಜಾಗಕ್ಕೆ ಬರುವ ಹಾಗೆ, ಹಾಡೂ ಸುತ್ತಿ ಬರುತ್ತದೆ. ಇಲ್ಲಿ ಕೆಲಸ ಕವಿತೆಯ ವಸು ಮಾತ್ರವಲ್ಲ, ಅದರ ಉಸಿರಾಟವೂ ಹೌದು.

ಈ ತ್ರಿಪದಿಯ ಬಹಳ ಹಳೆಯ ಮಾದರಿ ನಮಗೆ ಸಿಗುವುದು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರದ್ದು. ಒಳ್ಳೆಯವರಿಗೆ ಒಳ್ಳೆಯವನು, ಕೆಟ್ಟವರಿಗೆ ಕಲಿ ಎಂದು ಒಬ್ಬ ವೀರನನ್ನು ಹೊಗಳಲು ಅದು ಬಳಕೆಯಾಯಿತು. ಬಂಡೆಯ ಮೇಲೆ ಕೊರೆದ ತ್ರಿಪದಿಯಲ್ಲಿ ಒಬ್ಬ ಗಂಡಸಿನ ಹೆಸರು ಸಾವಿರದ ಮುನ್ನೂರು ವರ್ಷ ಉಳಿದಿದೆ. ಬೀಸುವ ಕಲ್ಲಿನ ಮೇಲೆ ಸವೆದ ತ್ರಿಪದಿಗಳನ್ನು ಕಟ್ಟಿದವರ ಹೆಸರು ಒಂದೂ ಉಳಿದಿಲ್ಲ. ಅದೂ ಕಲ್ಲೇ, ಇದೂ ಕಲ್ಲೇ.

ಈ ಹಾಡುಗಳನ್ನು ಅಚ್ಚಿಗೆ ತಂದ ಪುಣ್ಯ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ ಇವರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಬಂತು. ಅವರು ಆ ಕೆಲಸ ಮಾಡದೇ ಇದ್ದಿದ್ದರೆ ಹಿಟ್ಟಿನ ಗಿರಣಿ ಊರೂರಿಗೆ ಬಂದ ಮೇಲೆ ಎಷ್ಟೋ ಹಾಡು ಹೇಳಹೆಸರಿಲ್ಲದೆ ಹೋಗುತ್ತಿದ್ದವು. ಅವರ ಬಗ್ಗೆ ನಮಗೆ ಗೌರವವೇ. ಆದರೂ ಆ ಹೊದಿಕೆಯ ಮೇಲಿನ ಪದವನ್ನೊಮ್ಮೆ ನೋಡಿ. ಹಾಡುವವರ ಬಾಯಲ್ಲಿ ಇವು ‘ಬೀಸುವ ಪದ’, ‘ಕುಟ್ಟುವ ಪದ’. ಅಂದರೆ ಕೆಲಸದ ಹೆಸರು. ಪುಸ್ತಕಕ್ಕೆ ಬಂದಾಗ ‘ಗರತಿಯ ಹಾಡು’. ಅಂದರೆ ಗುಣದ ಹೆಸರು. ಬೀಸುವವಳು ಹೋಗಿ ಗರತಿ ಬಂದಳು. ನಾವು ಮೇಲೆ ಹೇಳಿದ ಎರಡು ದಾರಿಗಳು ಇಲ್ಲಿ ಒಂದೇ ಪುಸ್ತಕದ ಹೊದಿಕೆಯ ಮೇಲೆ ಕವಲೊಡೆದಿವೆ.

ಹಾಡುಗಳೊಳಗೆ ಹೋದರೆ ಮಾತ್ರ ಬೇರೆಯೇ ಲೋಕ. ತವರಿನ ಹಂಬಲ, ಅಣ್ಣತಮ್ಮಂದಿರ ದಾರಿ ಕಾಯುವುದು, ತೊಟ್ಟಿಲ ಕೂಸು, ಅತ್ತೆಯ ಮಾತು, ಎಲ್ಲ ಇದೆ. ನಮಗೆ ವಿಶೇಷವಾಗಿ ಕಂಡದ್ದು, ಬೀಸಿ ಮುಗಿಸಿದ ಮೇಲೆ ಕಲ್ಲನ್ನು ಕೊಟ್ಟ ಮನೆಯವಳಿಗೆ ಹರಸುವ ಸಂಪ್ರದಾಯ. ಅವಳ ಭಾಗ್ಯ ಹೆಚ್ಚಲಿ ಎಂದು ಹಾಡಿ ಏಳುತ್ತಾರೆ. ಎಂಥ ನಿಖರವಾದ ಕೃತಜ್ಞತೆ ನೋಡಿ! ನೀನು ದೇವತೆ, ನೀನು ಭೂಮಿ ಎನ್ನುವುದಿಲ್ಲ. ನೀನು ನಿನ್ನ ಕಲ್ಲು ಕೊಟ್ಟೆ, ನನಗೆ ಹಿಟ್ಟಾಯಿತು, ನಿನಗೆ ಒಳ್ಳೆಯದಾಗಲಿ. ದುಡಿಯುವವರು ದುಡಿಯುವವರಿಗೆ ಹೇಳುವ ಮಾತು ಹೀಗಿರುತ್ತದೆ.

ಕೆಲಸದ ಹೆಸರು ಉಳಿದ ಕಾಲವೂ ನಮ್ಮಲ್ಲಿ ಒಂದಿತ್ತು. ಹನ್ನೆರಡನೆಯ ಶತಮಾನದ ಶರಣೆಯರನ್ನು ನೆನೆಯಿರಿ. ನೂಲುವ ಕದಿರಿನಿಂದ ಕದಿರೆ ರೆಮ್ಮವ್ವೆ, ಬತ್ತ ಕುಟ್ಟುವ ಕೊಟ್ಟಣದಿಂದ ಕೊಟ್ಟಣದ ಸೋಮವ್ವೆ, ಬಿದ್ದ ಅಕ್ಕಿ ಆಯುವ ಕಾಯಕದಿಂದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ಹಿಂದಕ್ಕೆ ಸುರಿದು ಬಾ ಎಂದ ಗಟ್ಟಿಗಿತ್ತಿ ಲಕ್ಕಮ್ಮ. ಮನೆಯ ಅಳತೆ ಗೊತ್ತಿರುವುದು ಅಳೆಯುವವರಿಗೆ ತಾನೆ? ಕಾಯಕಕ್ಕೆ ಮರ್ಯಾದೆ ಇದ್ದ ಕಡೆ ಹೆಣ್ಣಿನ ಕೆಲಸ ಅವಳ ಹೆಸರಿನ ಮುಂದೆ ತಲೆಯೆತ್ತಿ ನಿಂತಿತು.

ಐದು ಶತಮಾನ ಮುಂದೆ ಬಂದರೆ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯ ಹೊನ್ನಮ್ಮ. ಸಂಚಿ ಎಂದರೆ ಎಲೆ ಅಡಿಕೆಯ ಚೀಲ, ಅದನ್ನು ಹಿಡಿದು ನಿಲ್ಲುವುದು ಅವಳ ಊಳಿಗ. ಅವಳು ಬರೆದ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿರುವ ಕೃತಿ, ಪತಿವ್ರತೆ ಹೇಗಿರಬೇಕೆಂದು ಹೇಳುವುದು. ಹೆಣ್ಣೆಂದು ಹೀನಾಯ ಮಾಡುವವರಿಗೆ, ನಿಮ್ಮನ್ನು ಹೆತ್ತು ಸಾಕಿದವಳೂ ಹೆಣ್ಣಲ್ಲವೇ ಎಂದು ಕೇಳಿದ್ದೂ ಅವಳೇ. ಸ್ವಾರಸ್ಯವೇನೆಂದರೆ, ಅವಳ ಕಾವ್ಯ ಮನೆಯಾಕೆಯ ಧರ್ಮವನ್ನು ಹೇಳುವ ಕಾವ್ಯ. ಅವಳಿಗೆ ಅನ್ನ ಕೊಟ್ಟ ಊಳಿಗ ಅವಳ ಹೆಸರಿನಲ್ಲಿ ಗಂಟಾಗಿ ಉಳಿದಿದೆ.

ಇನ್ನು ತ್ಯಾಗದ ಮಾತು. ಕನ್ನಡದಲ್ಲಿ ಹೆಣ್ಣಿನ ತ್ಯಾಗ ಎಂದ ಕೂಡಲೇ ನೆನಪಾಗುವುದು ‘ಕೆರೆಗೆ ಹಾರ’. ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ, ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂದು ಹೊತ್ತಿಗೆ ತೆಗೆಸಿ ನೋಡಿದಾಗ ತಿಳಿಯುತ್ತದೆ, ಕಿರಿಯ ಸೊಸೆ ಭಾಗೀರತಿ ಕೆರೆಯ ಪಾಲಾಗುತ್ತಾಳೆ. ಶಾಲೆಯಲ್ಲಿ ನಮಗೆ ಇದನ್ನು ಊರಿಗಾಗಿ ಪ್ರಾಣ ಕೊಟ್ಟ ಹೆಣ್ಣಿನ ಕಥೆಯೆಂದು ಹೇಳಿಕೊಟ್ಟರು.

ಹಾಡನ್ನು ಹಾಡಾಗಿಯೇ ಕೇಳಿದರೆ ಹಾಗಿದೆಯೇ? ಅಲ್ಲಿ ಮೊದಲು ನಡೆಯುವುದು ಲೆಕ್ಕಾಚಾರ. ಹಿರಿಯ ಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಕೊರತೆ, ಆದ್ದರಿಂದ ಕಿರಿಯವಳು. ಭಾಗೀರತಿಯನ್ನು ಯಾರೂ ಕೇಳುವುದಿಲ್ಲ. ಅವಳು ತವರಿಗೆ ಹೋಗುತ್ತಾಳೆ, ಅಲ್ಲಿ ಅಪ್ಪ ಅಮ್ಮನಿಗೆ ನಿಜ ಹೇಳಲಾರಳು. ಗೆಳತಿಗೆ ಮಾತ್ರ ಹೇಳುತ್ತಾಳೆ. ತಿರುಗಿ ಬಂದು ಮನೆಗೆಲಸಕ್ಕೆ ಕೂರುತ್ತಾಳೆ. ಬೇಳೆ ಹಸನು ಮಾಡುವಾಗ ಬಂದ ಕಣ್ಣೀರಿಗೆ, ಹರಳು ಬಿತ್ತು ಎನ್ನುವ ಕಾರಣ ಕೊಡುತ್ತಾಳೆ. ಅಳುವುದಕ್ಕೂ ಕೆಲಸದ ಮರೆ ಬೇಕು.

ಆಮೇಲೆ ಆ ಬಂಗಾರದ ಬಟ್ಟಲು. ಪೂಜೆ ಮುಗಿಸಿ ಎಲ್ಲರೂ ಹಿಂದಿರುಗುವಾಗ ಬಟ್ಟಲು ಕೆರೆಯಲ್ಲೇ ಉಳಿದಿರುತ್ತದೆ. ಒಬ್ಬೊಬ್ಬ ಸೊಸೆಯೂ ತಾನೊಲ್ಲೆ ಎನ್ನುತ್ತಾಳೆ. ಕೊನೆಗೆ ಕಿರಿಯವಳು ಓಡಿ ಹೋಗುತ್ತಾಳೆ. ಒಂದೊಂದು ಮೆಟ್ಟಿಲಿಗೂ ಗಂಗೆ ಏರುತ್ತ ಬರುತ್ತಾಳೆ, ಪಾದದಿಂದ ಮೊಳಕಾಲಿಗೆ, ನಡುವಿಗೆ. ಗಮನಿಸಿ, ಅವಳ ಸಾವು ಬರುವುದು ಬಲಿಯ ರೂಪದಲ್ಲಲ್ಲ, ಮನೆಯ ಒಂದು ಚಿಕ್ಕ ಕೆಲಸದ ರೂಪದಲ್ಲಿ. ಮರೆತ ಬಟ್ಟಲು ತಂದುಕೊಡಮ್ಮ ಎನ್ನುವಷ್ಟೇ ಸಾಮಾನ್ಯವಾಗಿ! ಬಲಿ ಎಂದು ಕರೆದರೆ ಊರು ಬೆಚ್ಚೀತು, ಅವಳೂ ಒಲ್ಲೆನೆಂದಾಳು. ಕೆಲಸ ಎಂದರೆ ಕಿರಿಯ ಸೊಸೆ ಒಲ್ಲೆ ಎನ್ನುವಂತಿಲ್ಲ.

ತ್ಯಾಗ ಎನ್ನುವುದು ಈ ಹಾಡಿಗೆ ನಾವು ಆಮೇಲೆ ಹಚ್ಚಿದ ಹೆಸರು. ಹಾಡಿನೊಳಗೆ ಇರುವುದು ತೀರ್ಮಾನ, ಅದೂ ಬೇರೆಯವರದ್ದು. ದಂಡಿನಿಂದ ಬಂದ ಗಂಡ ಮಾದೇವರಾಯನಿಗೆ ಮನೆಯವರು ಸುಳ್ಳು ಹೇಳುತ್ತಾರೆ, ನಿಜ ಹೇಳುವವಳು ಆ ಗೆಳತಿಯೇ. ಅವನು ಕೆರೆಗೆ ಹಾರಿ ಪ್ರಾಣ ಬಿಡುತ್ತಾನೆ. ಇದನ್ನು ಕಟ್ಟಿದವರಿಗೆ ಏನು ನಡೆಯಿತೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಓದಿದವರು ನಾವು.

ಹೊಸ ಕಾಲಕ್ಕೆ ಬರೋಣ. ಪಿ. ಲಂಕೇಶರ (1935–2000) ‘ಅವ್ವ’ ನಮ್ಮ ಕಾವ್ಯದಲ್ಲಿ ತಾಯಿಯ ಚಿತ್ರವನ್ನೇ ತಿರುಗಿಸಿಬಿಟ್ಟ ಕವಿತೆ. ಅದೂ ತಾಯಿಯನ್ನು ನೆಲಕ್ಕೆ ಹೋಲಿಸಿಯೇ ಶುರುವಾಗುತ್ತದೆ. ಆದರೆ ಇದು ಧರಿತ್ರಿ ದೇವಿಯ ನೆಲವಲ್ಲ, ಬೇಸಾಯದ ಕರೀ ನೆಲ. ಮುಂದೆ ಕವಿ ಒಂದು ದೊಡ್ಡ ಕೆಲಸ ಮಾಡುತ್ತಾರೆ: ಸಾವಿತ್ರಿ, ಜಾನಕಿ, ಊರ್ಮಿಳೆಯರ ಸಾಲಿನಿಂದ ತಮ್ಮ ಅವ್ವನನ್ನು ಹೊರಗೆ ತರುತ್ತಾರೆ. ಮಹಾಪುರುಷರ ಹೆಂಡತಿಯರ ಸಾಲಿನಿಂದಲೂ ತರುತ್ತಾರೆ. ಗುಣದ ಹಲಗೆಗಳನ್ನೆಲ್ಲ ಕಿತ್ತುಹಾಕಿದ ಮೇಲೆ ಉಳಿಯುವುದು ದುಡಿಮೆಯ ಪಟ್ಟಿ. ಹೊಲ ಕಾದದ್ದು, ಕಾಸು ಕೂಡಿಟ್ಟದ್ದು, ತಪ್ಪಿಸಿಕೊಂಡ ಎಮ್ಮೆಗಾಗಿ ಊರೂರು ಅಲೆದದ್ದು, ಕೆಟ್ಟ ಬೆಳೆಗೆ ಸತ್ತ ಕರುವಿಗೆ ಅತ್ತದ್ದು. ಜೊತೆಗೆ ಅವಳ ಸಣ್ಣತನ, ಕೊಂಕು, ಬೈಗುಳ. ತ್ಯಾಗಮಯಿಗೆ ಇವೆಲ್ಲ ಇರುವಂತಿಲ್ಲ. ದುಡಿದು ದಣಿದವಳಿಗೆ ಇರುತ್ತವೆ.

ಕವಿತೆಯನ್ನು ಎಷ್ಟು ಮೆಚ್ಚಿದರೂ ಒಂದು ಮಾತು ಹೇಳಲೇಬೇಕು. ಇದು ಅವ್ವ ಹೋದ ಮೇಲಿನ ಕವಿತೆ. ಮಗ ಮಾತಾಡುತ್ತಾನೆ, ಅವ್ವ ಕೇಳಿಸಿಕೊಳ್ಳಲಾರಳು. ನಮ್ಮ ಸರ್ವರಿನ ಉದಾಹರಣೆಯಂತೆಯೇ, ಕೆಲಸ ಕಣ್ಣಿಗೆ ಬಿದ್ದದ್ದು ಅದು ನಿಂತ ಮೇಲೆ. ಇದು ಲಂಕೇಶರ ಕೊರತೆ ಎನ್ನುವುದಕ್ಕಿಂತ ತಾಯಿಯ ಮೇಲೆ ಗಂಡುಮಕ್ಕಳು ಬರೆದ ಎಷ್ಟೋ ಕವಿತೆಗಳ ಜಾತಕ. ಅವರಿಗೆ ಇದು ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಕವಿತೆಯ ಕೊನೆ. ಅಲ್ಲಿ ಸಾವನ್ನು ಮನೆಯಿಂದ ಹೊಲಕ್ಕೆ ಹೊರಟ ದಿನದ ನಡೆಗೆಯಂತೆ ಕಾಣುತ್ತಾರೆ. ಅವಳ ಸಾವನ್ನೂ ಅವಳ ಕೆಲಸದ ಭಾಷೆಯಲ್ಲೇ ಹೇಳುತ್ತಾರೆ.

ಹಾಗಾದರೆ ಕೆಲಸ ನಡೆಯುತ್ತಿರುವಾಗಲೇ, ಕೆಲಸ ಮಾಡುವವಳೇ ಮಾತಾಡಿದರೆ? ಅದಕ್ಕೆ ವೈದೇಹಿಯವರ ‘ತಿಳಿದವರೇ ಹೇಳಿ’ ಓದಬೇಕು. ಅವರ ಕಥೆಗಳು ನಮಗೆ ಹೆಚ್ಚು ಪರಿಚಯ, 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ‘ಕ್ರೌಂಚ ಪಕ್ಷಿಗಳು’ ಕಥಾಸಂಕಲನಕ್ಕೆ. ಆದರೆ ಕವಿತೆಯಲ್ಲಿ ಅವರು ಆಡುವ ಮಾತಿನ ಹರಿತ ಬೇರೆ. ಕಾವ್ಯ ಬಲ್ಲ ಪಂಡಿತರನ್ನು ಎದುರಿಗೆ ಕೂರಿಸಿಕೊಂಡು, ತನಗೆ ಕಾವ್ಯ ಗೀವ್ಯ ತಿಳಿಯದು, ತಿಳಿಸಾರು ಮಾಡಲು ಗೊತ್ತು ಎನ್ನುವ ಹೆಣ್ಣು ಅಲ್ಲಿದ್ದಾಳೆ. ಕನ್ನಡದಲ್ಲಿ ಮಾತ್ರ ಸಾಧ್ಯವಾಗುವ ಆಟ ಇದು. ತಿಳಿಯುವುದು ಎಂದರೆ ಅರಿವು, ತಿಳಿ ಎಂದರೆ ಕದಡದೆ ಮೇಲೆ ನಿಂತ ಸ್ವಚ್ಛ ಸಾರು. ಸಾರು ಎಂದರೆ ಊಟಕ್ಕೆ ಬಡಿಸುವುದು, ಸಾರ ಎಂದರೆ ಕಾವ್ಯದಲ್ಲಿ ಪಂಡಿತರು ಹುಡುಕುವುದು. ಕುದಿದು ಹದಕ್ಕೆ ಬರುವುದು ಎರಡಕ್ಕೂ ಬೇಕು.

ಇಲ್ಲಿ ಹೆಣ್ಣು ತನ್ನ ಕೆಲಸಕ್ಕೆ ಕೈಮುಗಿಸಿಕೊಳ್ಳುತ್ತಿಲ್ಲ, ಅಯ್ಯೋ ಪಾಪ ಎನಿಸಿಕೊಳ್ಳುತ್ತಲೂ ಇಲ್ಲ. ಇದೂ ಒಂದು ವಿದ್ಯೆ, ನಿಮಗೆ ಗೊತ್ತೇ ಎಂದು ತಣ್ಣಗೆ ಕೇಳುತ್ತಿದ್ದಾಳೆ. ಕಾಣದ ದುಡಿಮೆಯಲ್ಲಿ ನಿಜಕ್ಕೂ ಕಾಣದೆ ಹೋಗುವುದು ಮೈಯ ಶ್ರಮ ಮಾತ್ರ ಅಲ್ಲ, ಅದರೊಳಗಿನ ತಿಳಿವಳಿಕೆಯೂ ಹೌದು. ಬೇಳೆ ಎಷ್ಟು ಬೆಂದಿರಬೇಕು, ಹುಳಿ ಯಾವಾಗ ಬೀಳಬೇಕು, ಮನೆಯಲ್ಲಿ ಯಾರಿಗೆ ಏನು ಆಗಿಬರುವುದಿಲ್ಲ, ಯಾರು ಕೋಪದಲ್ಲಿ ಅರ್ಧ ಹೊಟ್ಟೆಗೆ ಏಳುತ್ತಾರೆ... ಇವನ್ನೆಲ್ಲ ತಲೆಯಲ್ಲಿಟ್ಟುಕೊಂಡಿರುವುದು ನಾವು ಆಫೀಸಿನಲ್ಲಿ ಮಾಡುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿಗಿಂತ ಕಡಿಮೆಯದಲ್ಲ. ತ್ಯಾಗ ಎನ್ನುವ ಪದ ಈ ಜಾಣತನವನ್ನೂ ಅಳಿಸಿಹಾಕುತ್ತದೆ. ತ್ಯಾಗಕ್ಕೆ ದೊಡ್ಡ ಮನಸ್ಸು ಸಾಕು, ಸಾರಿಗೆ ಹದ ಗೊತ್ತಿರಬೇಕು.

ಇಲ್ಲಿ ಕೆಲವರು ಆಕ್ಷೇಪ ಎತ್ತಬಹುದು. ಕವಿತೆ ಏನು ಹಾಜರಿ ಪುಸ್ತಕವೇ? ಪ್ರೀತಿಯಿಂದ ಮಾಡಿದ್ದನ್ನೆಲ್ಲ ಲೆಕ್ಕಕ್ಕೆ ಇಳಿಸಿದರೆ ಪ್ರೀತಿಗೆ ಜಾಗ ಎಲ್ಲಿ? ನಮ್ಮ ಅಮ್ಮಂದಿರೇ ಇದನ್ನು ಒಪ್ಪುವುದಿಲ್ಲ, ನಾನೇನು ಕೂಲಿಯವಳೇ ಎಂದು ಬೈದಾರು! ಆಕ್ಷೇಪದಲ್ಲಿ ಹುರುಳಿದೆ. ಮಗುವಿಗೆ ತಲೆ ಬಾಚುವುದನ್ನು ಬರೀ ನಿಮಿಷಗಳಲ್ಲಿ ಅಳೆಯಲಾಗದು. ಆದರೆ ಲೆಕ್ಕಕ್ಕೂ ಪ್ರೀತಿಗೂ ಜಗಳವಿಲ್ಲ ಎನ್ನುವುದಕ್ಕೆ ಲಂಕೇಶರ ಕವಿತೆಯೇ ಸಾಕ್ಷಿ. ಅಷ್ಟೆಲ್ಲ ಪಟ್ಟಿ ಮಾಡಿದ ಮೇಲೆ ಅದು ಬಂದು ನಿಲ್ಲುವುದು ಕಣ್ಣೀರಿನಲ್ಲಿ. ಪಟ್ಟಿ ಮಾಡಿದ್ದರಿಂದಲೇ ಆ ಕಣ್ಣೀರಿಗೆ ಬೆಲೆ. ಯಾವ ಎಮ್ಮೆ, ಯಾವ ಹೊಲ, ಎಷ್ಟು ಸಲ ಎಂದು ಗೊತ್ತಿಲ್ಲದ ಮಗ ಅತ್ತರೆ ಅದು ಯಾರ ತಾಯಿಗೆ ಬೇಕಾದರೂ ಸಲ್ಲುವ ಅಳು. ಶಿವರುದ್ರಪ್ಪನವರ ಕವಿತೆಯಲ್ಲೂ ಆಕಾಶ ಎಲ್ಲರಿಗೂ ಒಂದೇ. ಹೊತ್ತಿಗೆ ಸರಿಯಾಗಿ ಉಣಿಸಿದ ಕೈ ಮಾತ್ರ ಅವರವರ ಮನೆಯದು.

ಆದ್ದರಿಂದ ಹೆಣ್ಣಿನ ಬಗ್ಗೆ ಕವಿತೆ ಓದುವಾಗ ನಾವು ಒಂದು ಸುಲಭದ ಪರೀಕ್ಷೆ ಬಳಸುತ್ತೇವೆ, ನೀವೂ ಬಳಸಿ ನೋಡಬಹುದು. ಪೆನ್ಸಿಲ್ ಹಿಡಿದು ಹೋಲಿಕೆಗಳಿಗೆ ಒಂದು ಗೆರೆ, ಕ್ರಿಯಾಪದಗಳಿಗೆ ಇನ್ನೊಂದು ಗೆರೆ ಎಳೆಯಿರಿ. ಅವಳು ಏನೇನು ‘ಆಗಿದ್ದಾಳೆ’ (ದೀಪ, ನದಿ, ಆಲದ ಮರ...) ಎನ್ನುವುದು ಒಂದು ಪಟ್ಟಿ. ಅವಳು ಏನೇನು ‘ಮಾಡಿದಳು’ ಎನ್ನುವುದು ಇನ್ನೊಂದು. ಮೊದಲನೆಯ ಪಟ್ಟಿ ತುಂಬಿ ಎರಡನೆಯದು ಖಾಲಿಯಿದ್ದರೆ, ಆ ಕವಿತೆ ಅವಳನ್ನು ಹೊಗಳಿದೆ, ನೋಡಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಈ ದೇಶದ ಕನ್ನಡಿಗರ ಬದುಕಿನಲ್ಲಿ ಕಾಣದ ದುಡಿಮೆ ಎಲ್ಲಿದೆ? ಒಂದು ಕಡೆ, ಎಚ್-4 ವೀಸಾದಲ್ಲಿ ಬಂದ ಹೆಂಡತಿಯರು. 2015ರ ಮೇ ತಿಂಗಳಲ್ಲಿ ನಿಯಮ ಬದಲಾಗುವವರೆಗೆ ಇವರು ಸಂಬಳದ ಕೆಲಸ ಮಾಡುವಂತಿರಲಿಲ್ಲ. ಬದಲಾದ ಮೇಲೂ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗಷ್ಟೇ ಅವಕಾಶ ಬಂತು. ಇಂಜಿನಿಯರಿಂಗ್ ಓದಿದವರು, ಬ್ಯಾಂಕಿನಲ್ಲಿದ್ದವರು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ವರ್ಷಗಟ್ಟಲೆ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಉಳಿದರು. ಸರ್ಕಾರದ ಕಾಗದದಲ್ಲಿ ಅವರ ಹೆಸರು ‘ಅವಲಂಬಿತರು’. ಆ ಮನೆಯಲ್ಲಿ ಯಾರು ಯಾರನ್ನು ಅವಲಂಬಿಸಿದ್ದರು ಎನ್ನುವುದನ್ನು ಬೆಳಿಗ್ಗೆ ಏಳೂವರೆಗೆ ಹೋಗಿ ನೋಡಬೇಕಿತ್ತು!

ಇನ್ನೊಂದು ಕಡೆ, ಬಾಣಂತನಕ್ಕೆ ಬರುವ ಅಮ್ಮಂದಿರು. ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಗೊಡುವ ವೀಸಾ ಅದು, ಅದರ ಉದ್ದೇಶದ ಸಾಲಿನಲ್ಲಿ ಇರುವುದು ‘ವಿಹಾರ’. ಸೂಟ್‌ಕೇಸಿನ ತುಂಬ ಮೆಣಸು, ಓಮ, ಒಣಶುಂಠಿ, ಮನೆಯಲ್ಲೇ ಕುಟ್ಟಿದ ಪುಡಿಗಳು. ಮಗುವಿಗೆ ಎಣ್ಣೆ ನೀರು, ಮಗಳಿಗೆ ಮೆಣಸಿನ ಸಾರು, ಅಳಿಯನಿಗೆ ಡಬ್ಬಿ. ಸಾಂಬ್ರಾಣಿ ಹೊಗೆ ಹಾಕಿದರೆ ಮನೆಯ ಅಲಾರಂ ಹೊಡೆದುಕೊಳ್ಳುತ್ತದೆ, ಹಾಗಾಗಿ ಚಳಿಯಲ್ಲಿ ಕಿಟಕಿ ತೆಗೆದಿಟ್ಟು ಹಾಕುವುದು. ಊರಲ್ಲಿ ಅವರಿಗೆ ಮಂಡಿ ನೋವು, ಇಲ್ಲಿ ಮೆಟ್ಟಿಲಿನ ಮನೆ. ಹಗಲೆಲ್ಲ ಮಾತಿಗೆ ಜನವಿಲ್ಲ. ಮಗುವಿನ ಮುಖ ಪರಿಚಯವಾಗುವ ಹೊತ್ತಿಗೆ ತಿರುಗಿ ಹೋಗುವ ದಿನ. ಒಂದಷ್ಟು ಕಾಲಕ್ಕೆ ಬೀಗಿತ್ತಿ ಬರುತ್ತಾರೆ, ಪಾಳಿ ಬದಲಾಗುತ್ತದೆ.

‘ಗರತಿ’, ‘ಅವಲಂಬಿತೆ’, ‘ವಿಹಾರ’. ಮೂರು ಕಾಲದ, ಮೂರು ಕಡೆಯ ಪದಗಳು. ಮೂರರ ಹಿಂದೆಯೂ ಬೀಸುವ ಕಲ್ಲು ತಿರುಗುತ್ತಿದೆ.

ಈ ಬದುಕು ನಮ್ಮ ವಲಸೆಯ ಕಾವ್ಯದಲ್ಲಿ ಎಷ್ಟು ಬಂದಿದೆ? ನಮ್ಮ ಬಳಗಕ್ಕೆ ಬರುವ ಕವನಗಳಲ್ಲಿ ಅಮ್ಮ ಧಾರಾಳವಾಗಿ ಬರುತ್ತಾಳೆ. ಆದರೆ ಬಹುಮಟ್ಟಿಗೆ ಅವಳು ಊರಿನ ತುಳಸಿಕಟ್ಟೆಯ ಮುಂದೆ ನಿಂತಿರುತ್ತಾಳೆ, ನಾವು ಬಿಟ್ಟು ಬಂದ ಮಣ್ಣಿನ ಬದಲಿಗೆ ನಿಂತಿರುತ್ತಾಳೆ. ಅವಳು ಅಲ್ಲಿ ನಿಂತಿದ್ದರೆ ನಮ್ಮ ನೆನಪಿಗೆ ಅನುಕೂಲ. ಅದೇ ಅಮ್ಮ ಇಲ್ಲಿಗೆ ಬಂದು, ಡಿಶ್‌ವಾಷರ್ ನಂಬದೆ ಪಾತ್ರೆಯನ್ನೆಲ್ಲ ಕೈಯಲ್ಲೇ ತೊಳೆದು, ಮಧ್ಯಾಹ್ನ ಮೂರಕ್ಕೆ ಕಿಟಕಿಯ ಹತ್ತಿರ ಕೂತದ್ದು ಕವನವಾಗುವುದು ಅಪರೂಪ. ಕೂಟದ ಕಾರ್ಯಕ್ರಮ ಪಟ್ಟಿಯಲ್ಲೂ ಅಷ್ಟೇ. ಕವನ ಓದುವವರ ಹೆಸರು ಅಚ್ಚಾಗುತ್ತದೆ, ಇನ್ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಿದವರಿಗೆ ಕೊನೆಯಲ್ಲಿ ಒಟ್ಟಾಗಿ ಒಂದು ಚಪ್ಪಾಳೆ. ಕಲ್ಲು ಕೊಟ್ಟವಳನ್ನು ನೆನೆದು ಹರಸಿದ ಆ ಹಾಡುಗಾರ್ತಿಯರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಮುಂದಿನ ಸಂಚಿಕೆಗೆ ಇದನ್ನೇ ವಿಷಯವಾಗಿ ಇಡಬೇಕೆಂದು ನಮ್ಮ ಆಸೆ. ಬರೆಯುವವರಿಗೆ ಒಂದೇ ಕೋರಿಕೆ: ದೇವತೆ, ದೀಪ, ಧರಿತ್ರಿ ಈ ಮೂರು ಪದಗಳಿಗೆ ಒಂದು ಸಲಕ್ಕೆ ರಜೆ ಕೊಟ್ಟು ಬರೆಯಿರಿ. ಯಾವ ಕೆಲಸ, ಯಾವ ಹೊತ್ತಿಗೆ, ಎಷ್ಟು ಸಲ ಎನ್ನುವುದು ಬರಲಿ. ಅಮ್ಮ ಬೈದದ್ದೂ ಬರಲಿ.

ಅದಕ್ಕಿಂತ ಒಳ್ಳೆಯದು ಇನ್ನೊಂದಿದೆ. ನಿಮ್ಮ ಮನೆಗೆ ಈ ಚಳಿಗಾಲದಲ್ಲಿ ಅಮ್ಮನೋ ಅತ್ತೆಯವರೋ ಬಂದಿದ್ದರೆ, ಅವರ ಬಗ್ಗೆ ನೀವು ಬರೆಯುವ ಬದಲು ಅವರನ್ನೇ ಕೇಳಿ. ಬೀಸುವ ಪದ, ಸೋಬಾನೆ ಬಂದರೆ ಹಾಡಿಸಿ, ಬಾರದಿದ್ದರೆ ಇಲ್ಲಿಗೆ ಬಂದಾಗಿನಿಂದ ದಿನ ಹೇಗೆ ಕಳೆಯಿತೆಂದು ಹೇಳಿಸಿ. ಅವರು ಕೂತು ಹೇಳುವಷ್ಟು ಹೊತ್ತು ಒಲೆಯ ಹತ್ತಿರ ನೀವು ನಿಲ್ಲಬೇಕಾದೀತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಸಾಕು, ಟೈಪ್ ಮಾಡುವ ಕೆಲಸ ನಮ್ಮದು. ಹೇಳಿದವರ ಹೆಸರನ್ನು, ಅವರು ಒಪ್ಪಿದರೆ, ಮೇಲೆಯೇ ಹಾಕುತ್ತೇವೆ.